ನಿಮ್ಮ ಅಂಗಡಿಯ ಚಿಂದಿ ಏನಾಯಿತು ಅಂದರೆ

ಪ್ರೀತಿಯ ದೋಸ್ತ,

ಡಿಸೆಂಬರ್‌ನಲ್ಲಿ ಹುಬ್ಬಳ್ಳಿಗೆ ಬಂದಾಗ ನಿಮ್ಮ ಅಂಗಡಿಯಿಂದ ಒಂದು ಚೀಲ ಚಿಂದಿ ತುಂಬಿಕೊಂಡು ಹೋಗಿದ್ದೆನಲ್ಲ, ನೆನಪಿದೆಯಾ? ಬ್ಲೌಸ್ ಕತ್ತರಿಸಿ ಉಳಿದ ಟು ಬೈ ಟು ರುಬಿಯಾ ತುಂಡುಗಳು. ಬರೀ ಹಳದಿ, ಕಿತ್ತಳೆ, ಹಸಿರು. ಯಾಕಲೇ ಅಂತ ನೀನು ಎರಡು ಸಲ ಕೇಳಿದೆ, ಆಮೇಲೆ ಹೇಳ್ತೀನಿ ಅಂದೆ. ಕಾಕಾ ಏನೂ ಕೇಳಲಿಲ್ಲ. ಮಷೀನ್ ಕೆಳಗಿನ ಡಬ್ಬಿಗೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದು ಚೀಲಕ್ಕೆ ತುರುಕಿದರು. ಈಗ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಅಂಗಡಿ ಮುಚ್ಚಿದ ಮೇಲೆ ಆರಾಮಾಗಿ ಓದು.

ಆ ಚಿಂದಿ ಈಗ ಒಂದು ಹಾವೊರಿಯ ಅರ್ಧ ಭಾಗ ಆಗಿದೆ. ಹಾವೊರಿ ಅಂದರೆ ಜಪಾನಿನವರು ಕಿಮೋನೊ ಮೇಲೆ ಹಾಕುವ, ಮುಂದೆ ತೆರೆದೇ ಇರುವ ಸಡಿಲ ಮೇಲಂಗಿ. ಹೋದ ತಿಂಗಳು ಅದನ್ನು ತೊಟ್ಟುಕೊಂಡು ಇಲ್ಲಿ ಮೇರಿಲ್ಯಾಂಡಿನ ಒಂದು ಅನಿಮೆ ಕನ್ವೆನ್ಶನ್‌ನಲ್ಲಿ ಕಾಸ್‌ಪ್ಲೇ ಸ್ಪರ್ಧೆಗೆ ನಿಂತಿದ್ದೆ. ಅನಿಮೆ ಅಂದರೆ ಜಪಾನಿನ ಕಾರ್ಟೂನ್, ಕಾಸ್‌ಪ್ಲೇ ಅಂದರೆ ಅಂಥ ಕಥೆಗಳ ಪಾತ್ರದ ಹಾಗೆ ವೇಷ ಕಟ್ಟುವುದು.

ಕನ್ವೆನ್ಶನ್ ಅಂದರೆ ನಮ್ಮ ಜಾತ್ರೆ ಇದ್ದ ಹಾಗೆ. ಮೂರು ದಿನ ಜನವೋ ಜನ. ಈ ಕಡೆ ದೊಡ್ಡದು ಅಂದರೆ ಒಟಾಕಾನ್. 1994ರಲ್ಲಿ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಎಂಬ ಊರಲ್ಲಿ ಶುರುವಾಗಿದ್ದು, ಆಮೇಲೆ ತುಂಬಾ ವರ್ಷ ಬಾಲ್ಟಿಮೋರ್‌ನಲ್ಲಿ ನಡೆದು, 2017ರಲ್ಲಿ ವಾಷಿಂಗ್ಟನ್ ಡಿಸಿಗೆ ಬಂತು. ನಾನು ಕಾಸ್‌ಪ್ಲೇಯನ್ನು ಮೊದಲು ಕಣ್ಣಾರೆ ನೋಡಿದ್ದು ಅಲ್ಲೇ. ಸ್ಪರ್ಧೆಗೆ ಇಳಿದದ್ದು ಮಾತ್ರ ಅದಕ್ಕಿಂತ ಎಷ್ಟೋ ಚಿಕ್ಕದಾದ, ಒಂದು ಹೋಟೆಲ್‌ನಲ್ಲೇ ಮುಗಿದುಹೋಗುವ ಕನ್ವೆನ್ಶನ್‌ನಲ್ಲಿ.

ವೇಷ ಹಾಕಿಕೊಂಡು ವೇದಿಕೆ ಮೇಲೆ ಡೈಲಾಗ್ ಹೇಳುವ ಸ್ಪರ್ಧೆ ಬೇರೆ ಇರುತ್ತದೆ. ನನ್ನದು ಅದಲ್ಲ, ಕೈಕೆಲಸದ ಸ್ಪರ್ಧೆ. ಕ್ರಾಫ್ಟ್ಸ್‌ಮನ್‌ಶಿಪ್ ಅಂತಾರೆ. ನೀನು ಹೇಗೆ ಕಾಣುತ್ತೀಯ ಅನ್ನುವುದಕ್ಕಿಂತ ಹೇಗೆ ಮಾಡಿದೆ ಅನ್ನುವುದನ್ನು ಜಡ್ಜ್‌ಗಳು ನೋಡುತ್ತಾರೆ. ಹೊಲಿಗೆ, ಅಂಟು, ಬಣ್ಣ, ಅಳತೆ, ಎಲ್ಲಾ. ನಮ್ಮ ಸ್ಪರ್ಧೆಯ ನಿಯಮ ಏನಿತ್ತು ಅಂದರೆ ವೇಷದ ಮುಖ್ಯ ಭಾಗ ನಿನ್ನ ಕೈಯಿಂದಲೇ ಆಗಿರಬೇಕು. ವಿಗ್, ಚಪ್ಪಲಿ ಕೊಂಡು ತರಬಹುದು, ಅವಕ್ಕೆ ಅಂಕ ಇಲ್ಲ. ನೊವಿಸ್ ಅಂದರೆ ಹೊಸಬರು, ಜರ್ನಿಮನ್ ಅಂದರೆ ಸ್ವಲ್ಪ ಪಳಗಿದವರು, ಮಾಸ್ಟರ್ ಅಂದರೆ ನುರಿತವರು, ಹೀಗೆ ಮೂರು ವಿಭಾಗ. ಹೊಸಬರನ್ನು ಇಪ್ಪತ್ತು ವರ್ಷ ಪಳಗಿದವರ ಎದುರು ನಿಲ್ಲಿಸಬಾರದು ಅಂತ ಅಮೆರಿಕದ ವೇಷ ಕಟ್ಟುವವರು ಹಿಂದೆಯೇ ಮಾಡಿಕೊಂಡ ಏರ್ಪಾಡು. ನಾನು ನೊವಿಸ್.

ಇನ್ನೊಂದು ವಿಷಯ, ಇದು ಕಾಕಾಗೆ ಇಷ್ಟ ಆಗುತ್ತದೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಜ್ಞಾನ ಕಥೆಗಳ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಎಂಬುವನು ಮುಂದಿನ ಕಾಲದ ಮನುಷ್ಯನ ಹಾಗೆ ವೇಷ ಹಾಕಿಕೊಂಡು ಹೋದ. ಅಭಿಮಾನಿಗಳು ಹೀಗೆ ವೇಷ ಕಟ್ಟುವ ಕಥೆ ಹೇಳುವಾಗ ಎಲ್ಲರೂ ಅವನ ಹೆಸರೇ ಹೇಳುತ್ತಾರೆ. ಆದರೆ ಅವನ ಬಟ್ಟೆ ಹೊಲಿದದ್ದು ಜೊತೆಗಿದ್ದ ಮರ್ಟಲ್ ಡಗ್ಲಸ್. ತನ್ನದನ್ನೂ ಅವಳೇ ಹೊಲಿದುಕೊಂಡು, ತೊಟ್ಟು ಬಂದಿದ್ದಳು. ಹೊಲಿದವರನ್ನು ಮುಂದೆ ನಿಲ್ಲಿಸಿ ಹೆಸರು ಕೂಗುವ ಸ್ಪರ್ಧೆ ಅಂತಲೇ ನನಗೆ ಇದು ಅಷ್ಟು ಇಷ್ಟ.

ಸರಿ, ಯಾರ ವೇಷ ಅಂತ ಹೇಳಲೇ ಇಲ್ಲ. ಡೀಮನ್ ಸ್ಲೇಯರ್ ಅನ್ನುವ ಅನಿಮೆ ನಿನ್ನ ಮಗ ನೋಡುತ್ತಾನೆ, ಅವನನ್ನು ಕೇಳು. ಅದರಲ್ಲಿ ಗಿಯು ತೊಮಿಯೊಕಾ ಅಂತ ಒಬ್ಬ ಖಡ್ಗವೀರ ಇದ್ದಾನೆ, ಜಾಸ್ತಿ ಮಾತಾಡುವವನಲ್ಲ. ಅವನ ಹಾವೊರಿ ಎರಡು ಬಟ್ಟೆಯದು. ಬಲಗಡೆ ಅರ್ಧ ಸಾದಾ ಕಡುಗೆಂಪು, ಅದು ಅವನ ಅಕ್ಕನ ಬಟ್ಟೆ. ಎಡಗಡೆ ಅರ್ಧ ಹಳದಿ, ಕಿತ್ತಳೆ, ಹಸಿರಿನ ಮೂಲೆ ಮೂಲೆ ಕೂಡುವ ವಿನ್ಯಾಸ, ಅದು ಅವನ ಗೆಳೆಯನದು. ಕಥೆಯಲ್ಲಿ ಅವರಿಬ್ಬರೂ ಸತ್ತುಹೋಗಿರುತ್ತಾರೆ. ನೀನೂ ಅಕ್ಕನೂ ನೂರು ವರ್ಷ ಬಾಳಬೇಕು. ಆದರೆ ಆ ಎರಡು ಅರ್ಧ ಬೆನ್ನ ನಡುವೆ ಒಂದೇ ಹೊಲಿಗೆಯಲ್ಲಿ ಕೂಡಿರುವುದನ್ನು ನೋಡಿದ ದಿನವೇ ಇದನ್ನು ಮಾಡಿದರೆ ಅಕ್ಕನ ಬಟ್ಟೆಯಿಂದ, ನಿನ್ನ ಬಟ್ಟೆಯಿಂದ ಮಾಡಬೇಕು ಅಂತ ತೀರ್ಮಾನ ಮಾಡಿಬಿಟ್ಟೆ. ಹೆಚ್ಚಿನವರು ಆ ವಿನ್ಯಾಸ ಮುದ್ರಿಸಿದ ಬಟ್ಟೆಯನ್ನೇ ತರಿಸುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ನನಗೆ ಅದು ಬೇಕಿರಲಿಲ್ಲ, ಅಷ್ಟೇ.

ಅಕ್ಕ ತನ್ನ ದಾಳಿಂಬೆ ಬಣ್ಣದ ಇಳಕಲ್ ಸೀರೆ ಕೊಟ್ಟಳು. ಒಡಲು ಅಲ್ಲಲ್ಲಿ ಸವೆದಿತ್ತು, ಸೆರಗು ಗಟ್ಟಿಯಾಗಿತ್ತು. ಸೆರಗಿಗೆ ಮಾತ್ರ ಕತ್ತರಿ ಹಾಕಬೇಡ ಅಂತ ಅವ್ವ ಹೇಳಿದಳು. ಹಾಕಲಿಲ್ಲ. ಒಡಲಿನ ಒಂದು ಗೇಣು ಸೆರಗಿನ ಜೊತೆಗೇ ಬಿಟ್ಟು ಉಳಿದದ್ದನ್ನು ಕತ್ತರಿಸಿದೆ.

ಕಷ್ಟ ಇದ್ದದ್ದು ನಿನ್ನ ಅರ್ಧದಲ್ಲಿ. ಚಿಂದಿಯನ್ನೆಲ್ಲ ತೊಳೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಕಿಟಕಿ ಬೆಳಕಲ್ಲಿ ಬಣ್ಣಕ್ಕೆ ತಕ್ಕ ಹಾಗೆ ಗುಡ್ಡೆ ಮಾಡಿದೆ. ಒಂದೇ ಹಸಿರು ಅಂದುಕೊಂಡಿದ್ದರಲ್ಲಿ ಐದು ಹಸಿರು ಇದ್ದವು. ಗಾಢ ಬಣ್ಣದವನ್ನು ಕೆಳ ಅಂಚಿಗೆ, ತಿಳಿಯದನ್ನು ಭುಜದ ಕಡೆಗೆ ಇಟ್ಟುಕೊಂಡೆ. ಒಟ್ಟು 286 ತುಂಡು. ಮೊದಲು ಮಷೀನಿನಲ್ಲಿ ತುಂಡಿಗೆ ತುಂಡು ಕೂಡಿಸುತ್ತಾ ಹೋದೆ, ಕಾಲು ಇಂಚು ಬಟ್ಟೆ ಬಿಟ್ಟು. ಮೂರು ವಾರ ಹಿಡಿಯಿತು. ಹಾಸಿ ಅಳೆದರೆ ಎರಡು ಸೆಂಟಿಮೀಟರ್ ಗಿಡ್ಡ! ಒಂದೊಂದು ಹೊಲಿಗೆಯಲ್ಲಿ ಅರ್ಧ ಮಿಲಿಮೀಟರ್ ಜಾಸ್ತಿ ಹಿಡಿದರೂ ನಲವತ್ತು ಹೊಲಿಗೆ ದಾಟುವಷ್ಟರಲ್ಲಿ ಅಷ್ಟು ನುಂಗಿಹೋಗುತ್ತದೆ. ಮೂಲೆಗಳೂ ಒಂದಕ್ಕೊಂದು ಕೂಡಿರಲಿಲ್ಲ. ಅಷ್ಟನ್ನೂ ಬಿಚ್ಚಿದೆ. ನಾಲ್ಕು ಸಂಜೆ ಬರೀ ಬಿಚ್ಚುವುದೇ ಆಯಿತು, ಆ ದಿನಗಳಲ್ಲಿ ನಿನ್ನ ಫೋನ್ ಎತ್ತಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆಯಲ್ಲ, ಕಾರಣ ಇದು.

ಆಮೇಲೆ ನೆನಪಾದದ್ದು ಅಜ್ಜಿಯ ಕೌದಿ. ಅಜ್ಜಿ ತುಂಡಿಗೆ ತುಂಡು ಕೂಡಿಸುತ್ತಿರಲಿಲ್ಲ, ಅಲ್ವಾ? ಕೆಳಗೆ ಒಂದು ಹಳೇ ಸೀರೆ ಹಾಸಿ, ಅದರ ಮೇಲೆ ಒಂದೊಂದೇ ತುಂಡು ಇಟ್ಟು, ಅಂಚು ಒಳಗೆ ಮಡಚಿ, ಎಲ್ಲ ಪದರ ಸೇರಿಸಿ ಕೈಯಲ್ಲೇ ಹೊಲಿಯುತ್ತಾ ಹೋಗುತ್ತಿದ್ದಳು. ಕೆಳಗಿನ ಬಟ್ಟೆ ಅಳತೆ ಹಿಡಿದುಕೊಂಡಿರುತ್ತದೆ, ಮೇಲಿನ ತುಂಡು ಕೂದಲೆಳೆಯಷ್ಟು ತಪ್ಪಿದರೂ ಆ ತಪ್ಪು ಪಕ್ಕದ ತುಂಡಿಗೆ ದಾಟುವುದಿಲ್ಲ. ನಾನೂ ಹಾಗೇ ಮಾಡಿದೆ. ಮಲ್ ಬಟ್ಟೆ ಹಾಸಿ, ಪೆನ್ಸಿಲ್‌ನಲ್ಲಿ ಇಡೀ ವಿನ್ಯಾಸ ಗೆರೆ ಹಾಕಿಕೊಂಡು, ಗೆರೆಗೆ ಸರಿಯಾಗಿ ಒಂದೊಂದೇ ತುಂಡು ಕೂರಿಸಿದೆ. ದಿನಕ್ಕೆ ಆರೇಳು ತುಂಡು ಆಗುತ್ತಿತ್ತು. ಆಫೀಸಿನಿಂದ ಬಂದು ಊಟ ಮಾಡಿ ಕೂತರೆ ಹನ್ನೊಂದರವರೆಗೆ. ಹಾಗೆ ಕೂತಾಗ ಅಜ್ಜಿಯ ಬೆರಳು ಹೇಗೆ ಆಡುತ್ತಿತ್ತು ಅನ್ನುವುದು ಕಣ್ಣಿಗೆ ಕಟ್ಟುತ್ತಿತ್ತು. ಚಿಕ್ಕವನಿದ್ದಾಗ ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದು ಬಿಟ್ಟರೆ ನಾನು ಅವಳಿಂದ ಏನೂ ಕಲಿತಿಲ್ಲ ಅಂದುಕೊಂಡಿದ್ದೆ.

ಒಳಗಿನ ಲೈನಿಂಗ್ ಬಗ್ಗೆ ಹೇಳಲೇಬೇಕು. ಎದೊ ಕಾಲದಲ್ಲಿ, ಅಂದರೆ ಸುಮಾರು 1600ರಿಂದ 1868ರವರೆಗೆ, ಜಪಾನಿನ ಸರ್ಕಾರ ವ್ಯಾಪಾರಿಗಳಿಗೆ ಆಡಂಬರದ ಬಟ್ಟೆ ಹಾಕಬಾರದು ಅಂತ ಕಟ್ಟುಪಾಡು ಮಾಡಿತ್ತು. ಅವರು ಹೊರಗೆ ಸಾದಾ ಹಾವೊರಿ ತೊಟ್ಟು, ಒಳಗಿನ ಲೈನಿಂಗ್‌ಗೆ ಚಿತ್ರ ಬರೆದ ರೇಷ್ಮೆ ಹಾಕಿಸಿಕೊಳ್ಳುತ್ತಿದ್ದರು. ಇದನ್ನು ಓದಿದ ಮೇಲೆ ಸುಮ್ನೆ ಇರಲಾಗಲಿಲ್ಲ. ಅಕ್ಕನ ಸೆರಗು, ಆ ಕೆಂಪು, ಬಿಳಿಯ ತೋಪ್ ತೆನಿ ವಿನ್ಯಾಸದ್ದು, ಕತ್ತರಿಸದೆ ಮಡಚಿ ಬೆನ್ನಿನ ಒಳಗಡೆ ಕೂರಿಸಿದೆ. ತೊಟ್ಟಾಗ ಹೊರಗಿನ ಯಾರಿಗೂ ಕಾಣುವುದಿಲ್ಲ.

ಕತ್ತಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕನ್ವೆನ್ಶನ್ ಒಳಗೆ ಲೋಹದ ಅಲಗು ಬಿಡುವುದಿಲ್ಲ, ಬಾಗಿಲಲ್ಲೇ ಪರೀಕ್ಷೆ ಮಾಡಿ ಪಟ್ಟಿ ಕಟ್ಟುತ್ತಾರೆ. ಪ್ಲಾಸ್ಟಿಕ್ ಪೈಪಿನ ಮೇಲೆ ಎರಡು ಪದರ ಇವಿಎ ಫೋಮ್, ಅಂದರೆ ಚಪ್ಪಲಿ ಅಟ್ಟೆಗೆ ಬಳಸುವಂಥ ಹಗುರ ಹಾಳೆ, ಅಂಟಿಸಿ, ಹೀಟ್ ಗನ್‌ನಿಂದ ಮೇಲ್ಮೈ ಮುಚ್ಚಿ, ಉಜ್ಜಿ, ಬಣ್ಣ ಹೊಡೆದೆ. ಎರಡೂ ಕಡೆ ಗೋಂದು ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಬರುವ ವಾಸನೆ ಇದೆಯಲ್ಲ, ಮನೆಯೆಲ್ಲ ಅದೇ.

ಶುಕ್ರವಾರ ರಾತ್ರಿ ಹೋಟೆಲ್ ರೂಮಿನಲ್ಲಿ ಕೊನೆಯ ಸಲ ಇಸ್ತ್ರಿ ಮಾಡುತ್ತಿದ್ದೆ. ಕಾಲರ್ ಪಟ್ಟಿ ಗಟ್ಟಿಯಾಗಿ ನಿಲ್ಲಲಿ ಅಂತ ಒಳಗೆ ಇಸ್ತ್ರಿಯಿಂದ ಅಂಟಿಸಿದ್ದ ಬಟ್ಟೆ, ಆ ಅಂಟಿನ ಬುಕ್ರಂ, ಗುಳ್ಳೆ ಗುಳ್ಳೆ ಎದ್ದುಬಿಟ್ಟಿತು. ಕತ್ತಿನಿಂದ ಎದೆಯವರೆಗೆ, ಎಲ್ಲರ ಕಣ್ಣಿಗೆ ಬೀಳುವ ಜಾಗ. ಕೈಕಾಲು ತಣ್ಣಗಾದವು. ಬೆಳಗ್ಗೆ ಹತ್ತಕ್ಕೆ ಜಡ್ಜ್‌ಗಳ ಮುಂದೆ ನಿಲ್ಲಬೇಕು. ಕಾಕಾ ಎಂದೂ ಕಾಲರಿಗೆ ಅಂಟಿನ ಬುಕ್ರಂ ಹಾಕಿದವರಲ್ಲ, ಕ್ಯಾನ್ವಾಸನ್ನು ಕೈಯಲ್ಲೇ ಹೊಲಿದು ಕೂರಿಸುತ್ತಿದ್ದರು, ನಾವಿಬ್ಬರೂ ಎದುರಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆವು. ನಾನು ಬೇಗ ಆಗಲಿ ಅಂತ ಅಂಟಿಸಿದ್ದೆ. ಕಾಲರ್ ಬಿಚ್ಚಿ, ಬುಕ್ರಂ ಕಿತ್ತು, ಉಳಿದಿದ್ದ ಮಲ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟು ಹೊಲಿದೆ. ಮೂರು ಗಂಟೆ ಆಯಿತು. ಆ ಹೊಲಿಗೆ ಚೆನ್ನಾಗಿ ಬಂತು ದೋಸ್ತ, ಇಡೀ ಹಾವೊರಿಯಲ್ಲಿ ಅದೇ ಚೆನ್ನಾಗಿದೆ ಅನ್ನಿಸುತ್ತದೆ.

ಮೂವರು ಜಡ್ಜ್‌ಗಳು, ಒಂದು ಉದ್ದ ಮೇಜು, ಒಬ್ಬೊಬ್ಬರಿಗೆ ಐದೇ ನಿಮಿಷ. ಅನಿಮೆಯ ಚಿತ್ರಗಳನ್ನೂ ಮಾಡುವಾಗ ತೆಗೆದ ಫೋಟೋಗಳನ್ನೂ ಒಂದು ಫೈಲಿನಲ್ಲಿ ಹಾಕಿ ಕೊಟ್ಟೆ. ಇಬ್ಬರು ಫೈಲ್ ನೋಡುತ್ತಿದ್ದರು. ಮೂರನೆಯವರು ನಾಟಕಗಳಿಗೆ ಬಟ್ಟೆ ಹೊಲಿಯುವ ಹೆಂಗಸು, ಅರವತ್ತರ ಹತ್ತಿರ ಇರಬಹುದು. ಅವರು ಫೈಲ್ ಮುಟ್ಟಲಿಲ್ಲ. ತೆಗೆದುಕೊಡಿ ಅಂದರು. ಹಾವೊರಿಯನ್ನು ಮೇಜಿನ ಮೇಲೆ ಮಗುಚಿ ಹಾಸಿ, ಒಳಗನ್ನು ತೆರೆದರು. ಸೆರಗು ಕಂಡಿತು. ಕನ್ನಡಕ ಹಾಕಿಕೊಂಡರು. ಒಡಲೂ ಸೆರಗೂ ಸೇರುವ ಕಡೆ, ಇಳಕಲ್ ಸೀರೆಯಲ್ಲಿ ಕೊಂಡಿ ಹಾಕಿ ಕೂಡಿಸಿರುತ್ತಾರಲ್ಲ, ಎರಡು ಬೇರೆ ಬೇರೆ ಹಾಸುಗಳನ್ನು ಎಳೆಗೆ ಎಳೆ ಸಿಕ್ಕಿಸಿ, ಅಲ್ಲಿ ಉಗುರಿನ ತುದಿ ಇಟ್ಟು ಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ಹೋದರು. ಈ ಜೋಡಣೆ ನೀವು ಮಾಡಿದ್ದಾ ಅಂತ ಕೇಳಿದರು. ಅಲ್ಲ, ಅದು ನಮ್ಮ ಕಡೆಯ ನೇಕಾರರು ಮಗ್ಗದ ಮೇಲೆ ಮಾಡಿದ್ದು, ಸುತ್ತಲಿನ ಹೊಲಿಗೆ ಮಾತ್ರ ನನ್ನದು ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಉಳಿದಿಬ್ಬರನ್ನು ಹತ್ತಿರ ಕರೆದು ತೋರಿಸಿದರು. ನನ್ನ ಐದು ನಿಮಿಷದಲ್ಲಿ ಎರಡು ನಿಮಿಷ ಇಳಕಲ್‌ಗೇ ಹೋಯಿತು. ಹೋಗಲಿ ಬಿಡು, ನನಗೆ ಆ ಹೊತ್ತಲ್ಲಿ ಬೇರೇನೂ ಬೇಕಿರಲಿಲ್ಲ.

ಮತ್ತೆ ತೊಡಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. ಎಡಭಾಗದ ಅಂಚು ಅರ್ಧ ಇಂಚು ಇಳಿದಿದೆ, ಯಾಕೆ ಗೊತ್ತಾ ಅಂದರು. ಗೊತ್ತಿತ್ತು. ಕೌದಿ ಥರ ಮಾಡಿದ ಕಡೆ ತಳದ ಬಟ್ಟೆ ಒಂದು ಪದರ, ತುಂಡು ಒಂದು ಪದರ, ಅದರ ಮಡಚಿದ ಅಂಚು ಇನ್ನೊಂದು. ಆ ಅರ್ಧ ಭಾರ. ಸೀರೆಯ ಅರ್ಧ ಹಗುರ. ತೊಟ್ಟರೆ ಭಾರದ್ದು ಇಳಿಯುತ್ತದೆ. ಕಾಕಾ ಅಂಬ್ರೆಲಾ ಫ್ರಾಕ್ ಹೊಲಿದರೆ ಒಂದು ರಾತ್ರಿ ಮೊಳೆಗೆ ತೂಗುಹಾಕಿ, ಬಟ್ಟೆ ಎಷ್ಟು ಇಳಿಯಬೇಕೋ ಅಷ್ಟು ಇಳಿದ ಮೇಲೆ ಕೆಳಗಿನ ಪಟ್ಟಿ ಮಡಚುತ್ತಿದ್ದರು. ಎಷ್ಟು ಸಲ ನೋಡಿದ್ದೇನೆ! ನಾನು ಮೇಜಿನ ಮೇಲೆ ಹಾಸಿಯೇ ಅಂಚು ಮಡಚಿದ್ದೆ.

ನೊವಿಸ್ ವಿಭಾಗದಲ್ಲಿ ಎರಡನೇ ಬಹುಮಾನ ಬಂತು. ಒಂದು ಸರ್ಟಿಫಿಕೇಟ್, ಒಂದು ರಿಬ್ಬನ್. ಮೊದಲನೆಯದು ಒಬ್ಬ ಕಾಲೇಜು ಹುಡುಗಿಗೆ, ಸರಿಯಾಗಿಯೇ ಬಂತು. ಫೋಮಿನಲ್ಲಿ ಮೀನಿನ ಪೊರೆಯಂಥ ನೂರಾರು ಹಾಳೆ ಕತ್ತರಿಸಿ ಕವಚ ಮಾಡಿದ್ದಳು. ಅವಳು ಬೆನ್ನ ಪಟ್ಟಿ ಬಿಚ್ಚಿ ಒಳಗನ್ನು ನನಗೆ ತೋರಿಸಿದಳು. ಒಳಗೆ ಪೂರ್ತಿ ಬಟ್ಟೆ, ಒಂದು ದಾರ ಹೊರಗೆ ಬಂದಿರಲಿಲ್ಲ, ಬೆವರು ಹೀರಲಿ ಅಂತ ಕಂಕುಳಲ್ಲಿ ಬೇರೆ ತುಂಡು ಕೊಟ್ಟಿದ್ದಳು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ಒಂದು ತಾಸು ಬರೀ ಹೊಲಿಗೆ ಮಾತಾಡಿದೆವು.

ಮುಂದಿನ ವರ್ಷ ಇದೇ ಹಾವೊರಿ ಸರಿ ಮಾಡಿ ಬೇರೆ ಕಡೆ ನಿಲ್ಲುವ ಆಸೆ ಇದೆ. ಅದಕ್ಕೆ ಕಾಕಾ ಬೇಕು. ಎಡಭಾಗದ ತಳದ ಮಲ್ ಬಟ್ಟೆಯನ್ನು ಹಿಂದಿನಿಂದ ಅಲ್ಲಲ್ಲಿ ಕತ್ತರಿಸಿ ಹಗುರ ಮಾಡಲಾ, ಅಥವಾ ಅಕ್ಕನ ಅರ್ಧಕ್ಕೆ ಒಳಗೆ ಇನ್ನೊಂದು ಪದರ ಕೊಟ್ಟು ಭಾರ ಸಮ ಮಾಡಲಾ? ತೂಗುಹಾಕುವುದಾದರೆ ಭುಜದಿಂದಲೋ, ಕತ್ತಿನಿಂದಲೋ? ಅವರ ಕೈಗೆ ಬಟ್ಟೆ ಸಿಗದೆ ಹೇಳುವುದು ಕಷ್ಟ, ಗೊತ್ತು. ಭಾನುವಾರ ವಿಡಿಯೋ ಕಾಲ್ ಮಾಡು, ನಿಮಗೆ ಸಂಜೆ ಏಳು, ನನಗೆ ಬೆಳಗ್ಗೆ ಒಂಬತ್ತೂವರೆ. ಹಾವೊರಿಯನ್ನು ಕಿಟಕಿ ಹತ್ತಿರ ತೂಗುಹಾಕಿ ಇಟ್ಟಿರುತ್ತೇನೆ. ಮೊದಲು ಒಳಗಡೆ ತೋರಿಸುತ್ತೇನೆ, ಅವರು ಅದನ್ನೇ ಕೇಳುತ್ತಾರೆ.

ಮತ್ತೆ, ಹಸಿರು ರುಬಿಯಾ ಚಿಂದಿ ಎಸೆಯಬೇಡ. ಆ ಗಿಳಿಹಸಿರು ಇನ್ನೂ ಬೇಕು.

ನಿನ್ನ ದೋಸ್ತ