ಮಗಳಿಗೊಂದು ಪತ್ರ: ಅಲೆಕ್ಸ್‌ನ ಸಾವು ಮತ್ತು ನಿನ್ನ ಉಳಿದ ತಕರಾರುಗಳು

ಹಾಸನ

ಚಿ. ಸಿಂಧುವಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಭಾನುವಾರ ಫೋನಿನಲ್ಲಿ ನೀನು, ‘ಪುಸ್ತಕ ಓದದೆ ಬರೀ ಸೀರೀಸ್ ನೋಡಿ ಹೇಗಪ್ಪ ತೀರ್ಪು ಕೊಡ್ತೀಯ’ ಎಂದಾಗ ನಾನು ತಡವರಿಸಿದ್ದು ನಿಜ. ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಒಬ್ಬನೇ ಮಾತಾಡಿದವನಿಗೆ ನಡುವೆ ಯಾರಾದರೂ ಬಾಯಿ ಹಾಕಿದರೆ ಎಳೆ ತಪ್ಪಿಹೋಗುತ್ತದೆ. ಆದ್ದರಿಂದ ಈ ಪತ್ರ. ಮನುಷ್ಯರು ಭೂಮಿ, ಮಂಗಳ, ಕ್ಷುದ್ರಗ್ರಹ ಪಟ್ಟಿಗಳಲ್ಲಿ ಹಂಚಿಹೋಗಿರುವ ಕಾಲದ ಅಂತರಿಕ್ಷದ ಕಥೆ ‘ದಿ ಎಕ್ಸ್‌ಪಾನ್ಸ್’. ಅದರ ಒಂಬತ್ತು ಕಾದಂಬರಿಗಳನ್ನೂ ನೀನು ಓದಿದ್ದೀಯೆ, ನಾನು ಆರು ಸೀಸನ್‌ಗಳ 62 ಕಂತುಗಳನ್ನು, ಪರದೆಯ ಕೆಳಗೆ ಓಡುವ ಅಕ್ಷರಗಳನ್ನು ಹಿಂಬಾಲಿಸುತ್ತಾ, ಎಷ್ಟೋ ಕಡೆ ಹಿಂದಕ್ಕೆ ತಿರುಗಿಸಿ ನೋಡಿದವನು. ಈ ವ್ಯತ್ಯಾಸವನ್ನು ಒಪ್ಪಿಕೊಂಡೇ ನನ್ನ ಮಾತು ಹೇಳುತ್ತೇನೆ.

‘ಮೂಲದಲ್ಲಿ ಹಾಗಿಲ್ಲ’ ಎನ್ನುವ ನಿನ್ನ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಜೇಮ್ಸ್ ಎಸ್. ಎ. ಕೋರಿ ಎಂಬುದು ಡೇನಿಯಲ್ ಏಬ್ರಹಾಂ ಮತ್ತು ಟೈ ಫ್ರಾಂಕ್ ಎಂಬಿಬ್ಬರು ಸೇರಿ ಇಟ್ಟುಕೊಂಡ ಹೆಸರು ಎಂದು ನನಗೆ ತಿಳಿಸಿದವಳು ನೀನೇ. ಆ ಇಬ್ಬರೂ ಸೀರೀಸಿನ ಬರವಣಿಗೆಯಲ್ಲಿಯೂ ಕೈಯಿಟ್ಟವರು. ಬರೆದವರೇ ಕುಳಿತು ತಿದ್ದಿದ ಕಥೆಗಾಗಿ ನಾವು ಯಾರ ಪರವಾಗಿ ಮುನಿಸಿಕೊಳ್ಳಬೇಕು? ಎರಡನೆಯ ಕಾದಂಬರಿಯಲ್ಲಿ ಬರಬೇಕಾದ, ಭೂಮಿಯ ಆಡಳಿತದ ಹಿರಿಯಳಾದ ಅವಸರಾಲಳನ್ನು ಮೊದಲ ಕಂತಿನಲ್ಲಿಯೇ ತಂದಿದ್ದರಿಂದ ಭೂಮಿಗೂ ಒಂದು ಮುಖ ಬಂತು. ಅವಳಿಲ್ಲದಿದ್ದರೆ ಮೊದಲ ಸೀಸನ್ನಿನಲ್ಲಿ ಭೂಮಿ ಎಂಬುದು ದೂರದಿಂದ ಬೆದರಿಕೆ ಹಾಕುವ ಒಂದು ಹೆಸರಾಗಿ ಮಾತ್ರ ಉಳಿಯುತ್ತಿತ್ತು. (ನಿನ್ನ ಅಜ್ಜಿಗೆ ಆ ಹೆಂಗಸಿನ ಸೀರೆಗಳ ಮೇಲೆಯೇ ಕಣ್ಣು. ‘ಅವಸರಾಲ ಅಂದ್ರೆ ಆಂಧ್ರದ ಕಡೆಯವರಾ?’ ಎಂದು ಕೇಳಿದ್ದರು. ಆಕೆಯ ಬೈಗುಳಗಳು ಅಜ್ಜಿಗೆ ಅರ್ಥವಾಗದೆ ಇದ್ದದ್ದು ನಮ್ಮ ಪುಣ್ಯ.)

ಕ್ಷುದ್ರಗ್ರಹ ಪಟ್ಟಿಯವಳಾದ ಡ್ರಮ್ಮರ್ ವಿಷಯದಲ್ಲಿಯೂ ಹಾಗೆಯೇ. ಕಾದಂಬರಿಗಳಲ್ಲಿ ಮಿಚಿಯೊ ಪಾ ಮೊದಲಾದ ಬೇರೆಬೇರೆಯವರು ಮಾಡಿದ ಕೆಲಸಗಳನ್ನು ಇವಳೊಬ್ಬಳ ತಲೆಗೆ ಕಟ್ಟಿದ್ದಾರೆಂಬುದು ನಿನ್ನ ದೂರು. ಆದರೆ ಟೈಕೋ ನಿಲ್ದಾಣದಲ್ಲಿ ಇನ್ನೊಬ್ಬನ ಕೈಕೆಳಗೆ ಕೆಲಸ ಮಾಡುತ್ತಿದ್ದವಳು ಮುಂದೆ ತನ್ನದೇ ಹಡಗು ನಡೆಸಿ, ಕೊನೆಗೆ ಪಟ್ಟಿಯವರ ಬಂಡಾಯದ ನಾಯಕ ಮಾರ್ಕೊನನ್ನು ಎದುರು ಹಾಕಿಕೊಳ್ಳುವವರೆಗಿನ ದಾರಿಯನ್ನು ನಾನು ಐದು ಸೀಸನ್ ಜೊತೆಯಲ್ಲಿ ನಡೆದು ನೋಡಿದ್ದೇನೆ. ಅದೇ ಕೆಲಸವನ್ನು ಆರನೆಯ ಸೀಸನ್ನಿನಲ್ಲಿ ಹೊಸಬಳೊಬ್ಬಳು ಬಂದು ಮಾಡಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ್ದನ್ನು ನಾವು ವ್ಯಾಸರ ಲೆಕ್ಕಪುಸ್ತಕ ಹಿಡಿದುಕೊಂಡು ತಪಾಸಣೆ ಮಾಡುವುದಿಲ್ಲ. ಆ ಬದಲಾವಣೆಯಿಂದ ಅವನ ಕಾವ್ಯಕ್ಕೆ ಏನು ಒದಗಿತು, ಏನು ಕೈತಪ್ಪಿತು ಎಂದು ಕೇಳುತ್ತೇವೆ. ಇಲ್ಲಿಯೂ ಕೇಳಬೇಕಾದದ್ದು ಅಷ್ಟೇ.

ಈಗ ನಿನ್ನ ದೊಡ್ಡ ತಕರಾರಿಗೆ ಬರುತ್ತೇನೆ. ಐದನೆಯ ಸೀಸನ್ನಿನಲ್ಲಿ ಕಥೆಯ ಕೇಂದ್ರವಾದ ರೊಸಿನಾಂಟೆ ಹಡಗಿನ ಹೋಲ್ಡನ್, ನವೋಮಿ, ಏಮಸ್, ಅಲೆಕ್ಸ್ ಈ ನಾಲ್ವರನ್ನೂ ನಾಲ್ಕು ದಿಕ್ಕಿಗೆ ಚದುರಿಸಿಬಿಟ್ಟರು, ನಾವು ನೋಡುವುದೇ ಅವರ ಒಟ್ಟಿನ ಸಂಸಾರವನ್ನು, ಅದನ್ನೇ ಮುರಿದರೆ ಇನ್ನೇನು ಉಳಿಯಿತು ಎನ್ನುತ್ತೀಯೆ. ನಿನ್ನ ಹಾಗೆ ಹೇಳುವ ಅಭಿಮಾನಿಗಳು ಬಹಳ ಮಂದಿ ಇದ್ದಾರೆಂಬುದೂ ನನಗೆ ಗೊತ್ತು. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಇಡೀ ಸರಣಿಯಲ್ಲಿ ಅತ್ಯಂತ ಧೈರ್ಯದ, ಅತ್ಯಂತ ಸರಿಯಾದ ತೀರ್ಮಾನವೇ ಅದು.

ನೀನು ಏಳನೆಯ ತರಗತಿಯಲ್ಲಿದ್ದಾಗ ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಎಂ.ಸಿ.ಎಫ್.ನ ದೊಡ್ಡ ಬಿಳಿ ಆಂಟೆನಾಗಳನ್ನು ತೋರಿಸಿ ಒಂದು ಲೆಕ್ಕ ಕೊಟ್ಟಿದ್ದೆ, ನೆನಪಿದೆಯೆ? ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಹಾಗಾದರೆ ಹಾಸನದಿಂದ ಹೊರಟ ಆಜ್ಞೆ ಉಪಗ್ರಹವನ್ನು ಮುಟ್ಟಿ ಅದರ ಉತ್ತರ ವಾಪಸು ಬರಲು ಎಷ್ಟು ಹೊತ್ತು? ಕಾಲು ಸೆಕೆಂಡು ಎಂದು ನೀನು ಬೆರಳು ಮಡಿಸುವಷ್ಟರಲ್ಲಿ ಹೇಳಿದ್ದೆ. ಅದೇ ಮಂಗಳಕ್ಕಾದರೆ ಒಂದು ಕಡೆಯ ಪ್ರಯಾಣಕ್ಕೇ 3ರಿಂದ 22 ನಿಮಿಷ ಬೇಕು. ಬಹುಪಾಲು ಅಂತರಿಕ್ಷದ ಕಥೆಗಳು ಈ ಲೆಕ್ಕವನ್ನು ಗಂಟು ಕಟ್ಟಿ ಅಟ್ಟದ ಮೇಲೆ ಎಸೆದು, ಪಾತ್ರಗಳನ್ನು ಪಕ್ಕದ ಕೋಣೆಯಲ್ಲಿರುವವರಂತೆ ಮಾತಾಡಿಸುತ್ತವೆ. ಈ ಸರಣಿ ಹಾಗೆ ಮಾಡಲಿಲ್ಲ. ಇಲ್ಲಿ ದೂರದವರಿಗೆ ಮಾತು ಕಳಿಸಿ ಕಾಯಬೇಕು, ಉತ್ತರ ಬರುವ ಹೊತ್ತಿಗೆ ಕೇಳಿದವನ ಪರಿಸ್ಥಿತಿಯೇ ಬದಲಾಗಿರಬಹುದು. ನಾಲ್ವರೂ ಒಂದೇ ಹಡಗಿನಲ್ಲಿದ್ದಷ್ಟು ದಿನ ಈ ದೂರ ನಮಗೆ ಬರೀ ಅಂಕಿಯಾಗಿತ್ತು. ಏಮಸ್ ಭೂಮಿಗೂ, ಅಲೆಕ್ಸ್ ಮಂಗಳಕ್ಕೂ, ನವೋಮಿ ಮಗನನ್ನು ಹುಡುಕಿಕೊಂಡೂ ಹೋಗಿ, ಹೋಲ್ಡನ್ ರಿಪೇರಿಗೆ ನಿಂತ ಹಡಗಿನೊಂದಿಗೆ ಟೈಕೋದಲ್ಲಿ ಉಳಿದಾಗ, ಅದೇ ಸಮಯಕ್ಕೆ ಭೂಮಿಯ ಮೇಲೆ ಮಾರ್ಕೊ ಎಸೆದ ಕ್ಷುದ್ರಗ್ರಹದ ಕಲ್ಲುಗಳು ಬಿದ್ದಾಗ, ಒಬ್ಬರಿಗೆ ಇನ್ನೊಬ್ಬರು ಬದುಕಿದ್ದಾರೆಯೋ ಇಲ್ಲವೋ ತಿಳಿಯದ ಆ ಸ್ಥಿತಿಯಲ್ಲಿ ಅಂಕಿಗೆ ಜೀವ ಬಂತು.

ನವೋಮಿ ಒಬ್ಬಳೇ, ಮಾರ್ಕೊ ಸಿಡಿಮದ್ದಿಟ್ಟು ಬಲೆ ಮಾಡಿದ ಹಡಗಿನಲ್ಲಿ ಸಿಕ್ಕಿಬಿದ್ದ ಭಾಗ ತೀರಾ ಎಳೆದದ್ದು, ಅರ್ಧ ಗಂಟೆಯಲ್ಲಿ ಮುಗಿಸಬಹುದಿತ್ತು ಎಂದೆಯಲ್ಲ, ಅದೊಂದು ಮಾತಿಗೆ ನನಗೆ ನಿಜವಾಗಿ ಬೇಸರವಾಯಿತು. ಅವಳ ದನಿಯನ್ನೇ ನಕಲು ಮಾಡಿ ಸಹಾಯ ಕೇಳುವ ಸಂದೇಶ ಹೊರಗೆ ಹೋಗುತ್ತಿದೆ. ಸಹಾಯಕ್ಕೆ ಬಂದವರು ಸಿಡಿದು ಸಾಯುತ್ತಾರೆಂದು ಅವಳಿಗೆ ಗೊತ್ತು. ಅವಳಿಗೆ ಮಾತಾಡಲು ಸಾಧನವಿಲ್ಲ, ತಂತಿಯನ್ನು ಒಂದು ಕ್ಷಣ ಕತ್ತರಿಸಿ ಮತ್ತೆ ಸೇರಿಸಬಲ್ಲಳು, ಅಷ್ಟೆ. ತಾನು ಸಂಕಟದಲ್ಲಿದ್ದೇನೆಂದು ಹೇಳುವ ವಾಕ್ಯದಿಂದ ಕೆಲವು ಪದಗಳನ್ನು ನುಂಗಿಸಿ, ಎಲ್ಲವೂ ತನ್ನ ಹಿಡಿತದಲ್ಲಿದೆ ಎನ್ನುವ ಅರ್ಥ ಬರುವಂತೆ ಅವಳು ಅದನ್ನು ಕತ್ತರಿಸುತ್ತಾಳೆ. ಆ ಉಪಾಯಕ್ಕೆ ತಲುಪುವ ಮೊದಲು ಅವಳು ಪಡುವ ಒದ್ದಾಟವನ್ನು ಬೇಗ ಮುಗಿಸಿದ್ದರೆ ಅದು ಜಾಣತನದ ಒಂದು ಚಮತ್ಕಾರವಾಗುತ್ತಿತ್ತು, ಇನ್ನೇನೂ ಆಗುತ್ತಿರಲಿಲ್ಲ. ಸುಮಾರು ಹೊತ್ತು ಮಾತೇ ಇಲ್ಲದ ಆ ದೃಶ್ಯಗಳನ್ನು ನಿನ್ನ ಅಮ್ಮ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ನಿಂತು ನೋಡಿದಳು, ಕಾಫಿ ಆರಿಹೋಯಿತು.

ಹಡಗಿನ ಚಾಲಕ ಅಲೆಕ್ಸ್‌ನ ಸಾವಿನ ವಿಚಾರದಲ್ಲಿ ನಾನು ಅರ್ಧ ನಿನ್ನ ಕಡೆ. ಆ ಪಾತ್ರದ ನಟ ಕೊನೆಯ ಸೀಸನ್‌ಗೆ ಬರುವುದಿಲ್ಲವೆಂದು ಗೊತ್ತಾದ ಮೇಲೆ ಹೊಲಿದ ತೇಪೆ ಅದು. ಕಾದಂಬರಿಯಲ್ಲಿ ಟೈಕೋದ ಮುಖ್ಯಸ್ಥ ಫ್ರೆಡ್ ಜಾನ್ಸನ್‌ಗೆ ಬರುವ ಸಾವನ್ನು ತಂದು ಇವನಿಗೆ ಕೊಟ್ಟಿದ್ದಾರೆ ಎಂದು ನೀನು ಸಿಡಿಮಿಡಿಗೊಂಡೆ. ಆದರೆ ಭೌತಶಾಸ್ತ್ರದ ಮೇಷ್ಟ್ರಾಗಿ ಹೇಳುವುದಾದರೆ, ಹಡಗಿನ ವೇಗೋತ್ಕರ್ಷದ ಹೊಡೆತಕ್ಕೆ ಸತ್ತನೆಂಬ ಕಾರಣದಲ್ಲಿ ಮೋಸವಿಲ್ಲ. ಹಡಗು ಐದು ಜಿ, ಅಂದರೆ ಭೂಮಿಯ ಗುರುತ್ವದ ಐದು ಪಟ್ಟು ವೇಗೋತ್ಕರ್ಷದಲ್ಲಿ ಹೊರಟರೆ ಅರವತ್ತು ಕಿಲೋ ತೂಕದ ಮನುಷ್ಯ ಮುನ್ನೂರು ಕಿಲೋ ತೂಗಿದಂತೆ. ಹೃದಯ ಅದಕ್ಕೆದುರಾಗಿ ರಕ್ತವನ್ನು ಮಿದುಳಿಗೆ ತಳ್ಳಬೇಕು. ಆ ಪ್ರಯಾಣಗಳಿಗೆ ಮೊದಲು ಅವರು ಮೈಗೆ ಔಷಧಿ ಚುಚ್ಚಿಸಿಕೊಳ್ಳುವುದನ್ನು ನಾವು ಮೊದಲ ಸೀಸನ್ನಿನಿಂದ ನೋಡುತ್ತಾ ಬಂದಿದ್ದೇವೆ. ಎರಡನೆಯ ಸೀಸನ್ನಿನಲ್ಲಿ ಈ ಹಡಗುಗಳ ಎಂಜಿನ್ ಕಂಡುಹಿಡಿದ ಎಪ್‌ಸ್ಟೀನನೇ, ಕೈಯೆತ್ತಿ ಅದನ್ನು ನಿಲ್ಲಿಸಲಾಗದೆ ಸತ್ತದ್ದನ್ನೂ ಕಂಡಿದ್ದೇವೆ. ಇಷ್ಟು ವರ್ಷ ಆ ಅಪಾಯವನ್ನು ತೋರಿಸುತ್ತಾ ಬಂದು, ಮುಖ್ಯರಾದವರಲ್ಲಿ ಒಬ್ಬನೂ ಅದಕ್ಕೆ ಬಲಿಯಾಗದೆ ಇದ್ದಿದ್ದರೆ ಅದೇ ಸುಳ್ಳಾಗುತ್ತಿತ್ತು. ನನ್ನ ಆಕ್ಷೇಪ ಸಾವಿಗಲ್ಲ, ಸೂತಕಕ್ಕೆ. ಐದು ವರ್ಷ ಹಡಗು ನಡೆಸಿದವನಿಗೆ ಅವರು ಕೊಟ್ಟ ಕಣ್ಣೀರು ಬಹಳ ಕಡಿಮೆ. ನಮ್ಮಲ್ಲಿ ಅಕ್ಕಪಕ್ಕದವರು ಹೋದರೂ ಹನ್ನೊಂದು ದಿನ ಮನೆಯೊಳಗೆ ಧ್ವನಿ ತಗ್ಗಿರುತ್ತದೆ.

ಕೊನೆಯ ಸೀಸನ್ನಿನ ವಿಷಯದಲ್ಲಿ ನೀನು ಪಕ್ಷ ವಹಿಸುತ್ತೀಯೆ, ನಾನು ದೂರುತ್ತೇನೆ, ಇದು ವಿಚಿತ್ರ. 2018ರ ಮೇ ತಿಂಗಳಲ್ಲಿ ಮೂರನೆಯ ಸೀಸನ್ನಿಗೇ ಕೈಬಿಟ್ಟಿದ್ದ ಸೀರೀಸನ್ನು ಅಭಿಮಾನಿಗಳು ಸಹಿ ಸಂಗ್ರಹಿಸಿ, ಅಮೆಜಾನ್ ಸ್ಟುಡಿಯೋಸ್‌ನ ಮೇಲೆ ಬಾವುಟ ಕಟ್ಟಿದ ವಿಮಾನ ಹಾರಿಸಿ ಉಳಿಸಿಕೊಂಡರು. ಹಾಗೆ ಉಳಿದ ಕಥೆಗೆ ಕೊನೆಯಲ್ಲಿ ದೊರೆತದ್ದು ಆರೇ ಕಂತು. ಆ ಆರರಲ್ಲಿ ಒಂದೊಂದೂ ಶುರುವಾಗುವುದು ಲಕೋನಿಯಾ ಎಂಬ ದೂರದ ಗ್ರಹದಲ್ಲಿ: ಒಬ್ಬ ಹುಡುಗಿ, ಸತ್ತ ಅವಳ ತಮ್ಮ, ಅವನನ್ನು ಎಬ್ಬಿಸುವ ನಾಯಿಯಂಥ ಪ್ರಾಣಿಗಳು. ಮುಂದಿನ ಮೂರು ಕಾದಂಬರಿಗಳಿಗೆ ಇದು ಬಾಗಿಲು, ಓದಿದವರಿಗೆ ಇದೊಂದು ಉಡುಗೊರೆ ಎಂದು ನೀನು ಹೇಳಿದೆ. ಓದದ ನನಗೆ ಅದು ಎಲೆ ಹಾಕಿ, ಉಪ್ಪು-ಉಪ್ಪಿನಕಾಯಿ ಬಡಿಸಿ, ಅನ್ನ ತರುವವನು ಹಿತ್ತಲಿನಿಂದ ಮನೆಗೆ ಹೋದ ಹಾಗಾಯಿತು. ಆ ನಿಮಿಷಗಳನ್ನು ಮಾರ್ಕೊ ಮತ್ತು ನವೋಮಿಯ ಮಗ ಫಿಲಿಪ್‌ಗೆ ಕೊಟ್ಟಿದ್ದರೆ, ಅಪ್ಪನನ್ನು ಬಿಟ್ಟು ಅಮ್ಮನ ಹೆಸರನ್ನು ತನ್ನ ಹೆಸರಿನ ಮುಂದೆ ಹಚ್ಚಿಕೊಳ್ಳುವ ಅವನ ತೀರ್ಮಾನಕ್ಕೆ ಇನ್ನಷ್ಟು ಬಲ ಬರುತ್ತಿತ್ತು. ಅವನು ಬದುಕಿದ್ದಾನೆಂದು ನವೋಮಿಗೆ ತಿಳಿಸದೆ ಕಥೆ ಮುಗಿಸಿದ್ದು ಮಾತ್ರ ಸರಿಯೆನ್ನಿಸಿತು. ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಐದನೆಯ ಸೀಸನ್ನಿನ ಆ ದೂರ ಇನ್ನೂ ಅಲ್ಲಿ ಹಾಗೆಯೇ ಇದೆ.

ಕ್ಷುದ್ರಗ್ರಹ ಪಟ್ಟಿಯವರಾದ ಬೆಲ್ಟರ್‌ಗಳ ಭಾಷೆಯ ಬಗ್ಗೆ ಬರೆಯಬೇಕೆಂದಿದ್ದೆ, ಹಾಳೆ ಮುಗಿಯುತ್ತಾ ಬಂತು. ಒಳಗಿನ ಗ್ರಹಗಳವರೆಲ್ಲರಿಗೂ ಅವರು ಒಂದೇ ಪದ ಬಳಸುವುದನ್ನು ಕೇಳಿದಾಗಲೆಲ್ಲ, ಸಕಲೇಶಪುರದ ನಿನ್ನ ಸೋದರಮಾವ ‘ಘಟ್ಟದ ಕೆಳಗಿನೋರು’ ಎನ್ನುವಾಗಿನ ಮುಖ ಕಣ್ಣ ಮುಂದೆ ಬರುತ್ತದೆ. ಇದನ್ನು ಅವನಿಗೆ ಹೇಳಬೇಡ.

ಹಬ್ಬಕ್ಕೆ ಬರುವಾಗ ಏಳನೆಯ ಪುಸ್ತಕ ತಾ. ಕಥೆ ಅಲ್ಲಿ ಸುಮಾರು ಮೂವತ್ತು ವರ್ಷ ಮುಂದಕ್ಕೆ ಹೋಗಿರುತ್ತದೆಂದು ಹೇಳಿದ್ದೆಯಲ್ಲ, ಹಾಗಾದರೆ ಅವರೆಲ್ಲ ಈಗ ಹೆಚ್ಚುಕಡಿಮೆ ನನ್ನ ಸರೀಕರು. ಅಕ್ಷರ ಸ್ವಲ್ಪ ದೊಡ್ಡದಿರುವ ಪ್ರತಿ ಸಿಕ್ಕರೆ ಒಳ್ಳೆಯದು. ಏಮಸ್‌ಗೆ ಏನಾಗುತ್ತದೆಂದು ಮಾತ್ರ ಮುಂಚೆಯೇ ಹೇಳಬೇಡ. ಭಾನುವಾರ ಅವನ ಹೆಸರೆತ್ತಿ ನೀನು ಫಕ್ಕನೆ ಬೇರೆ ಮಾತಿಗೆ ಹಾರಿದ್ದನ್ನು ನಾನು ಗಮನಿಸಿದ್ದೇನೆ.

ಇಂತಿ,
ನಿನ್ನ ಅಪ್ಪ