ಗಮನದ ಇಳಿತ ಯಾವುದು, ಯಂತ್ರದ ಜಾರಿಕೆ ಯಾವುದು

ಚಿರಂಜೀವಿ ಮಾಲತಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಬಹಳ ಹೊತ್ತು ಪರದೆ ನೋಡುತ್ತಲೇ ಇದ್ದಾಗ ಗಮನ ಹೇಗೆ ಸೋರುತ್ತದೆಂದು, ಮಿದುಳಿನ ಕೆಲಸವನ್ನು ರಕ್ತದ ಬದಲಾವಣೆಯಿಂದ ಅಳೆಯುವ ಸ್ಕ್ಯಾನ್ ಆದ ಎಫ್‌ಎಂಆರ್‌ಐನಲ್ಲಿ ಅಳೆಯಲು ಹೊರಟಿದ್ದೀಯ. ಸ್ಕ್ಯಾನರಿನ ವೇಳೆ ಗೊತ್ತುಮಾಡುವ ಮೊದಲು ಒಂದು ತೊಡಕನ್ನು ಬಗೆಹರಿಸಿಕೊ. ಗಮನ ಇಳಿಯುವುದು ನಿಮಿಷಗಟ್ಟಲೆ, ನಿಧಾನವಾಗಿ. 1948ರಲ್ಲಿ ಮನೋವಿಜ್ಞಾನಿ ಮ್ಯಾಕ್‌ವರ್ತ್ ಅವರ ಗಡಿಯಾರದ ಮುಳ್ಳಿನ ಪರೀಕ್ಷೆಯಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಇಳಿತ ಕಂಡಿತ್ತು. ಸ್ಕ್ಯಾನರಿನ ಸಂಕೇತವೂ ಅಷ್ಟೇ ನಿಧಾನವಾಗಿ ತಾನಾಗಿ ಜಾರುತ್ತದೆ: ಯಂತ್ರ ಬಿಸಿಯಾಗುತ್ತದೆ, ತಲೆ ಮೆತ್ತೆಯಲ್ಲಿ ಕುಸಿಯುತ್ತದೆ. ಇದನ್ನು ತೆಗೆಯಲೆಂದು ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸುವ ಎಸ್‌ಪಿಎಂ ತಂತ್ರಾಂಶ, ನೀನು ಬದಲಿಸದಿದ್ದರೆ, 128 ಸೆಕೆಂಡಿಗಿಂತ ನಿಧಾನದ ಏರಿಳಿತವನ್ನು ಸೋಸಿಬಿಡುತ್ತದೆ. ಅದರ ಜೊತೆಗೆ ನೀನು ಹುಡುಕುವ ಇಳಿತವೂ ಹೋಗುತ್ತದೆ. ಸೋಸದಿದ್ದರೆ ಯಂತ್ರದ ಜಾರಿಕೆಯನ್ನೇ ಮಿದುಳಿನ ದಣಿವೆಂದು ಬರೆದುಬಿಡುತ್ತೀಯ.

ನಿಧಾನದ ಇಳಿತವೇ ಬೇಕೆಂದರೆ ರಕ್ತದ ಹರಿವನ್ನು ಅಳೆಯುವ ಎಎಸ್‌ಎಲ್ ವಿಧಾನ ಹಿಡಿ. ರಕ್ತಕ್ಕೆ ಕಾಂತೀಯ ಗುರುತು ಹಾಕಿದ ಚಿತ್ರವನ್ನೂ ಹಾಕದ ಚಿತ್ರವನ್ನೂ ಒಂದರ ಬೆನ್ನಿಗೊಂದು ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯುವುದರಿಂದ ಜಾರಿಕೆ ಬಹುಪಾಲು ಅಳಿದುಹೋಗುತ್ತದೆ. ಸಂಕೇತ ಮಾತ್ರ ದುರ್ಬಲ.

ನನ್ನ ಒಲವು ಕ್ಷಣಕ್ಷಣದ ಏರಿಳಿತದ ಕಡೆಗೆ. ಅದಕ್ಕೆ ಪರದೆಯ ಪರೀಕ್ಷೆ ಹೀಗಿರಲಿ: ನಗರದ ಚಿತ್ರ ನೂರಕ್ಕೆ 90, ಬೆಟ್ಟದ್ದು 10. ಒಂದು ಇನ್ನೊಂದರಲ್ಲಿ 800 ಮಿಲಿಸೆಕೆಂಡಿನಲ್ಲಿ ಕರಗಬೇಕು. ನಗರಕ್ಕೆ ಗುಂಡಿ ಒತ್ತುವುದು, ಬೆಟ್ಟಕ್ಕೆ ಕೈ ತಡೆಯುವುದು. ಚಿತ್ರ ಥಟ್ಟನೆ ಬದಲಾದರೆ ಆ ಬದಲಾವಣೆಯೇ ಕಣ್ಣನ್ನು ಎಳೆದು ನಿನ್ನ ಪರೀಕ್ಷೆಯನ್ನು ಸುಲಭ ಮಾಡಿಬಿಡುತ್ತದೆ. ಹತ್ತು ನಿಮಿಷಕ್ಕೆ 750 ಚಿತ್ರ, ಅದರಲ್ಲಿ ಬೆಟ್ಟ 75 ಮಾತ್ರ. ತಪ್ಪುಗಳು ಇನ್ನೂ ಕಡಿಮೆ ಸಿಗುವುದರಿಂದ ಅವನ್ನೇ ನಂಬಬೇಡ. ಗುಂಡಿ ಒತ್ತುವ ವೇಳೆ ಅವರವರ ಸರಾಸರಿಯಿಂದ ಎಷ್ಟು ಆಚೀಚೆ ಆಗುತ್ತದೆಂದು ನೋಡು. ಆ ರೇಖೆಯನ್ನು ಮಿದುಳಿನ ಸಂಕೇತದ ಪಕ್ಕ ಹಾಗೇ ಇಡಬೇಡ, ರಕ್ತದ ಪ್ರತಿಕ್ರಿಯೆ ತುದಿ ಮುಟ್ಟಲು 5–6 ಸೆಕೆಂಡು ಬೇಕು.

ಕೆಲಸವಿಲ್ಲದೆ ಸುಮ್ಮನಿರುವಾಗ ಹೆಚ್ಚು ಚುರುಕಾಗುವ ಮಿದುಳಿನ ಡಿಫಾಲ್ಟ್ ಮೋಡ್ ಜಾಲದ ಚಟುವಟಿಕೆ ಏರಿದೊಡನೆ ಮನಸ್ಸು ಅಲೆಯಿತೆಂದು ತೀರ್ಮಾನಿಸಬೇಡ ಪುಟ್ಟಿ. ಇದೇ ಪರೀಕ್ಷೆಯಲ್ಲಿ ಕೆಲಸ ಸಲೀಸಾಗಿ ಸಾಗುವಾಗಲೂ ಅದು ಏರಿದ್ದು ಕಂಡಿದೆ.

ತಲೆಯ ಅಲುಗಾಟದ ವಿಷಯದಲ್ಲಿ ವಿಶೇಷ ಎಚ್ಚರವಿರಲಿ. ಗಮನ ತಪ್ಪಿದಾಗಲೇ ಜನ ಅಲುಗಾಡುವುದೂ ಉಂಟು. ತಲೆ 0.5 ಮಿಲಿಮೀಟರ್ ಮೀರಿ ಅಲುಗಿದ ಚಿತ್ರಗಳನ್ನೆಲ್ಲ ಕಣ್ಣುಮುಚ್ಚಿ ಎಸೆದರೆ ನಿನಗೆ ಬೇಕಾದ ಕ್ಷಣಗಳೇ ಕಸಕ್ಕೆ ಹೋಗಬಹುದು. ಎಸೆದದ್ದು ಯಾವ ಹೊತ್ತಿನದೆಂದು ಮೊದಲು ಎಣಿಸು. ಉಸಿರಾಟ ಅಳೆಯುವ ಪಟ್ಟಿಯನ್ನು ಮೈಗೆ ಕಟ್ಟು. ಕಣ್ಣಿನ ಕ್ಯಾಮೆರಾ ಇಲ್ಲದೆ ಒಬ್ಬರನ್ನೂ ಒಳಗೆ ಮಲಗಿಸಬೇಡ. ಅದಿಲ್ಲದಿದ್ದರೆ ಗಮನ ತಪ್ಪಿದವರನ್ನೂ ನಿದ್ದೆಹೋದವರನ್ನೂ ಬೇರ್ಪಡಿಸಲು ಆಮೇಲೆ ದಾರಿಯಿರುವುದಿಲ್ಲ.

ಇತಿ,
ನಿನ್ನ ಚಿಕ್ಕಪ್ಪ