ಜ್ಯೂರಿಕ್ ಸರೋವರದ ಕೆಂಪು ಎಳೆಗಳು

ಮಾನ್ಯ ಸಂಪಾದಕರೇ,

ಕೊಳಚೆ ನೀರನ್ನು ತಡೆದರೆ ಪಾಚಿ ತಾನಾಗಿಯೇ ತೊಲಗುತ್ತದೆ ಎಂಬುದು ಆಳವಾದ ಸರೋವರಗಳ ಮಟ್ಟಿಗೆ ಅರ್ಧ ಸತ್ಯ ಮಾತ್ರ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರವನ್ನೇ ನೋಡಿ. 136 ಮೀಟರ್ ಆಳದ ಈ ಸರೋವರದಲ್ಲಿ ಕೊಳಚೆ ನೀರಿನ ಶುದ್ಧೀಕರಣದಿಂದ, ಪಾಚಿಗೆ ಗೊಬ್ಬರವಾಗುವ ರಂಜಕದ (ಫಾಸ್ಫರಸ್) ಪ್ರಮಾಣ ದಶಕಗಳಿಂದ ಬಹಳ ಇಳಿದಿದ್ದರೂ, ಪ್ಲಾಂಕ್ಟೋತ್ರಿಕ್ಸ್ ರೂಬೆಸೆನ್ಸ್ ಎಂಬ ಕೆಂಪು ಸಯನೋಬ್ಯಾಕ್ಟೀರಿಯಾ (ಪಾಚಿಯಂತೆ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಾ) ಅಲ್ಲಿ ಬೀಡುಬಿಟ್ಟಿದೆ. ನೂಲಿನೆಳೆಯಂತಿರುವ ಈ ಜೀವಿ ಬೇಸಿಗೆಯಲ್ಲಿ ಮೇಲ್ಮೈಗೆ ಬರುವುದಿಲ್ಲ. ಬೆಚ್ಚಗಿನ ಮೇಲ್ಪದರಕ್ಕೂ ತಣ್ಣನೆಯ ಕೆಳಪದರಕ್ಕೂ ನಡುವೆ, ಸುಮಾರು 12–15 ಮೀಟರ್ ಆಳದ ಮಂದ ಬೆಳಕಿನಲ್ಲಿ ತೇಲಿಕೊಂಡಿರುತ್ತದೆ. ಚಳಿಗಾಲದಲ್ಲಿ, ಗಾಳಿಯಿಲ್ಲದ ದಿನಗಳಲ್ಲಿ, ಅದು ಮೇಲೆದ್ದು ದಡದಂಚಿನಲ್ಲಿ ಕುಂಕುಮ ಕದಡಿದಂತೆ ಕಾಣಿಸುವುದುಂಟು.

ಅದನ್ನು ತೇಲಿಸುವುದು ಜೀವಕೋಶದೊಳಗಿನ ಅನಿಲ ತುಂಬಿದ ಸೂಕ್ಷ್ಮ ಚೀಲಗಳು. ಕಡುಚಳಿಯಲ್ಲಿ ಮೇಲಿನ ನೀರು ತಣಿದು, ಭಾರವಾಗಿ, ಸರೋವರವಿಡೀ ತಳದವರೆಗೆ ಮಗುಚಿಕೊಂಡಾಗ ಈ ಎಳೆಗಳೂ ಆಳಕ್ಕೆ ಸೆಳೆಯಲ್ಪಡುತ್ತವೆ. ಅಲ್ಲಿನ ಒತ್ತಡಕ್ಕೆ ಬಹಳಷ್ಟು ಚೀಲಗಳು ಕುಸಿದು, ಮತ್ತೆ ಬೆಳಕಿಗೆ ಏರಲಾರದೆ ಎಳೆಗಳು ಸಾಯುತ್ತವೆ. ಸರೋವರಕ್ಕೆ ಪ್ರಕೃತಿಯೇ ಕೊಟ್ಟ ಈ ಶುದ್ಧಿ ಈಗ ಸರಿಯಾಗಿ ನಡೆಯುತ್ತಿಲ್ಲ. ಚಳಿಗಾಲಗಳು ಬೆಚ್ಚಗಾದಂತೆ ಮಗುಚುವಿಕೆ ಅರ್ಧಕ್ಕೇ ನಿಲ್ಲುತ್ತಿದ್ದು, ಬದುಕುಳಿದ ಎಳೆಗಳೇ ಮುಂದಿನ ವರ್ಷಕ್ಕೆ ಬೀಜವಾಗುತ್ತಿವೆ. ಪಿತ್ತಜನಕಾಂಗಕ್ಕೆ ಹಾನಿ ಮಾಡುವ ವಿಷವನ್ನು ಉತ್ಪಾದಿಸಬಲ್ಲ ಜೀವಿಯಿದು, ಜ್ಯೂರಿಕ್ ನಗರ ಕುಡಿಯುವುದು ಬಹುಪಾಲು ಇದೇ ಸರೋವರದ ನೀರನ್ನು ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತದೆ.

ನಮ್ಮ ಪತ್ರಿಕೆಗಳು ಹವಾಮಾನ ಬದಲಾವಣೆಯನ್ನು ಕುರಿತು ಬರೆಯುವಾಗ ಹಿಮನದಿಗಳಷ್ಟೇ ಗಮನವನ್ನು ಸರೋವರಗಳ ಈ ಒಳಗಿನ ಚಲನೆಗೂ ಕೊಡಬೇಕೆಂದು ವಿನಂತಿಸುತ್ತೇನೆ.

— ಓರ್ವ ಓದುಗ, ಮೈಸೂರು